ಬೇಕರಿ ಕೌಂಟರಿನ ಹಿಂದೆ ಸಿಕ್ಕ ಮೇಷ್ಟ್ರು

2024ರ ಜೂನ್ ತಿಂಗಳು. ಬೆಂಗಳೂರಿನ ಒಂದು ಬೇಕರಿ. ಸಂಜೆ ಆರರ ಹೊತ್ತು. ಹೊರಗೆ ಜಿಟಿಜಿಟಿ ಮಳೆ. ಒಲೆಯಿಂದ ಆಗಷ್ಟೇ ಇಳಿದ ಪಫ್‌ಗಳ ಟ್ರೇಯನ್ನು ಗಾಜಿನ ಪೆಟ್ಟಿಗೆಗೆ ಜೋಡಿಸುತ್ತಿದ್ದೆ. ತಲೆ ಎತ್ತಿದರೆ ರಸ್ತೆಯ ಆಚೆ ಬದಿಯಲ್ಲಿ ಬೈಕು ನಿಲ್ಲಿಸಿ ನಮ್ಮ ಅಂಗಡಿಯ ಕಡೆಗೇ ಬರುತ್ತಿದ್ದಾನೆ ನನ್ನ ಬಿ.ಇಡಿ. ಸಹಪಾಠಿ. ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತವನು. ಪಾಠ ಬೋಧನೆಯ ಅಭ್ಯಾಸಕ್ಕೆ ಹೋದಾಗ ನನ್ನ ಚಾರ್ಟುಗಳಿಗೆ ಬಣ್ಣ ಹಚ್ಚಿಕೊಟ್ಟವನು.

ನಾನು ಏನು ಮಾಡಿದೆ ಗೊತ್ತೇ? ಕೌಂಟರಿನ ಕೆಳಗೆ ಕೂತುಬಿಟ್ಟೆ.

ಅವನು ಬಂದ. ಒಂದು ಬನ್ನು, ಒಂದು ಟೀ ಕೇಳಿದ. ಮಾಲೀಕರೇ ಕೊಟ್ಟರು. ಅವನು ಹೋಗುವವರೆಗೂ ಮೊಣಕಾಲು ಮಡಚಿಕೊಂಡು ಮೈದಾ ಮೂಟೆಯ ಪಕ್ಕ ಉಸಿರು ಬಿಗಿಹಿಡಿದು ಕೂತಿದ್ದೆ. ಆಮೇಲೆ ಮಾಲೀಕರು ಬಗ್ಗಿ ನೋಡಿ, "ಏನ್ಲಾ ಹುಡುಕ್ತಿದ್ದೀಯ ಅಲ್ಲಿ?" ಎಂದರು.

"ಚಿಲ್ಲರೆ ಬಿತ್ತು ಕಣಣ್ಣ" ಎಂದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಕಳ್ಳತನ ಮಾಡಿರಲಿಲ್ಲ, ಯಾರಿಗೂ ಮೋಸ ಮಾಡಿರಲಿಲ್ಲ. ಆದರೂ ಕಳ್ಳನ ಹಾಗೆ ಅಡಗಿದ್ದೆ.

ನಮ್ಮೂರು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ತೆಂಗೇ ಜೀವನ. ನುಸಿ, ಕಪ್ಪು ತಲೆ ಹುಳು, ಬಿಳಿ ನೊಣ ಎಂದು ಒಂದರ ಹಿಂದೊಂದು ಬಂದು ತೋಟ ಸೊರಗಿದೆ. ಕನ್ನಡದಲ್ಲಿ ಎಂ.ಎ., ಆಮೇಲೆ ಬಿ.ಇಡಿ. ಮುಗಿಸಿ, ಟಿಇಟಿಯನ್ನೂ ಪಾಸು ಮಾಡಿಕೊಂಡು ನೇಮಕಾತಿಯ ಅಧಿಸೂಚನೆಗೆ ಕಾಯುತ್ತಿದ್ದವನು ನಾನು. ಕಾಯುವವರಿಗೂ ಹೊಟ್ಟೆ ಇರುತ್ತದಲ್ಲ. ಹಾಸನ ಜಿಲ್ಲೆಯ ಹುಡುಗರಿಗೆ ಬೆಂಗಳೂರಿನಲ್ಲಿ ಮೊದಲು ತೆರೆಯುವ ಬಾಗಿಲು ಬೇಕರಿಯದು. ಅಲ್ಲಿನ ಎಷ್ಟೋ ಬೇಕರಿಗಳ ಮಾಲೀಕರು, ಕೆಲಸದವರು ನಮ್ಮ ಕಡೆಯವರೇ. ಅಪ್ಪನ ಪರಿಚಯದವರೊಬ್ಬರು ಕರೆದರು, ಹೋದೆ. ಊರಿನಲ್ಲಿ ಅವ್ವ ಕೇಳಿದವರಿಗೆಲ್ಲ "ನಮ್ಮುಡ್ಗ ಬೆಂಗ್ಳೂರಲ್ಲಿ ಯಾವ್ದೋ ಪರೀಕ್ಷೆಗೆ ಓದ್ತಾ ಅವ್ನೆ" ಎನ್ನುತ್ತಿದ್ದಳು. ಅದು ಪೂರ್ತಿ ಸುಳ್ಳೇನೂ ಅಲ್ಲ. ಪೂರ್ತಿ ನಿಜವೂ ಅಲ್ಲ.

"ಹಾಳೆ ಮಡಚಬೇಡ"

ಆ ವರ್ಷ ದಸರಾ ಮುಗಿದ ಮೇಲೆ ನಾಲ್ಕು ದಿನ ಊರಿಗೆ ಬಂದಿದ್ದೆ. ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸಿದ, ಈಗ ನಿವೃತ್ತರಾಗಿರುವ ಮೇಷ್ಟ್ರು ಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ತಪ್ಪಿಸಿಕೊಳ್ಳಲು ಅಲ್ಲಿ ಕೌಂಟರು ಇರಲಿಲ್ಲ.

"ಏನ್ ಮಾಡ್ಕೊಂಡಿದ್ದೀಯಪ್ಪ?"

"ಓದ್ತಿದ್ದೀನಿ ಸಾರ್."

"ಅದ್ಸರಿ. ಊಟಕ್ಕೇನ್ ಮಾಡ್ಕೊಂಡಿದ್ದೀಯ?"

ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಹೇಳಿಬಿಟ್ಟೆ. ಕೌಂಟರಿನ ಕೆಳಗೆ ಕೂತ ಕಥೆಯನ್ನೂ ಹೇಳಿದೆ. ಅವರು ನಗಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿ, ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದುಕೊಟ್ಟರು. ಎಸ್.ಎಲ್. ಭೈರಪ್ಪನವರ ಆತ್ಮಕಥೆ 'ಭಿತ್ತಿ'. "ಓದಿ ವಾಪಸ್ ತಂದ್ಕೊಡು. ಹಾಳೆ ಮಡಚಬೇಡ" ಎಂದರು. ಅಷ್ಟೇ.

ನನಗೆ ಸ್ವಲ್ಪ ನಿರಾಸೆಯೇ ಆಯಿತು. ಭೈರಪ್ಪ ನಮ್ಮ ತಾಲ್ಲೂಕಿನ ಸಂತೇಶಿವರದವರು ಎಂದು ಗೊತ್ತಿತ್ತು. ಕನ್ನಡ ಎಂ.ಎ. ಮಾಡಿದವನಿಗೆ ಅವರ ಕಾದಂಬರಿಗಳ ಪಟ್ಟಿಯೂ ಬಾಯಿಪಾಠ. 1965ರ 'ವಂಶವೃಕ್ಷ', 1970ರ 'ಗೃಹಭಂಗ', ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ದಾಟು', 1979ರ 'ಪರ್ವ', ಸರಸ್ವತಿ ಸಮ್ಮಾನ್ ತಂದುಕೊಟ್ಟ 'ಮಂದ್ರ'. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇವೆಲ್ಲ ಒಂದು ಅಂಕದ ಪ್ರಶ್ನೆಗಳು. ಅಷ್ಟು ದೊಡ್ಡವರ ಜೀವನಕ್ಕೂ ಬನ್ನು ಮಾರುವ ನನಗೂ ಏನು ಸಂಬಂಧ ಎಂದುಕೊಂಡೇ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡೆ.

ಬೇಕರಿಯ ಮೇಲಿನ ಕೋಣೆಯಲ್ಲಿ ನಾವು ಐದು ಜನ ಮಲಗುತ್ತಿದ್ದೆವು. ಎಲ್ಲರೂ ನಿದ್ದೆ ಹೋದ ಮೇಲೆ ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಓದಲು ಶುರುಮಾಡಿದೆ. ಮೂರನೇ ರಾತ್ರಿಗೆ ಸಂಬಂಧ ಏನೆಂದು ಗೊತ್ತಾಯಿತು.

ಹೆಗಲ ಮೇಲೆ ತಮ್ಮ

ಶಾಲೆಯ ದಾಖಲೆಯ ಪ್ರಕಾರ ಅವರು ಹುಟ್ಟಿದ್ದು 1931ರ ಆಗಸ್ಟ್ 20ರಂದು. ಅದು ಪ್ಲೇಗಿನ ಕಾಲ. ಮನೆಯಲ್ಲಿ ಇಲಿ ಸತ್ತುಬಿದ್ದರೆ ಊರಿಗೆ ಊರೇ ಖಾಲಿ ಮಾಡಿಕೊಂಡು ಹೊಲದಲ್ಲಿ ಸೋಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ನಮ್ಮ ಅಜ್ಜಿಯೂ ಆ ಕಥೆಗಳನ್ನು ಹೇಳುತ್ತಿದ್ದಳು. ಭೈರಪ್ಪನವರ ಮನೆಯಲ್ಲಿ ಅದು ಕಥೆಯಾಗಿ ಉಳಿಯಲಿಲ್ಲ. ಒಡಹುಟ್ಟಿದವರು ಹೋದರು. ಮನೆಯನ್ನು ಎತ್ತಿ ಹಿಡಿದಿದ್ದ ತಾಯಿ ಗೌರಮ್ಮನವರೂ ಹೋದರು. ಮುಂದೆ ತಮ್ಮ ತೀರಿಕೊಂಡಾಗ, ಇನ್ನೂ ಹುಡುಗನಾಗಿದ್ದ ಅಣ್ಣನೇ ಆ ಶವವನ್ನು ಹೆಗಲ ಮೇಲೆ ಹೊತ್ತು ಸುಡುಗಾಡಿಗೆ ಹೋಗಬೇಕಾಯಿತು. ಆ ಪುಟವನ್ನು ಓದಿ ನಾನು ಟಾರ್ಚು ಆರಿಸಿ ಸುಮ್ಮನೆ ಮಲಗಿದೆ. ಪಕ್ಕದಲ್ಲಿ ಹಾಸನದ ಹುಡುಗನೊಬ್ಬ ಗೊರಕೆ ಹೊಡೆಯುತ್ತಿದ್ದ. ಅವನಿಗೆ ಹದಿನೆಂಟು ವರ್ಷ. ಯಾಕೋ ಅವನ ಹೊದಿಕೆ ಸರಿಮಾಡಿದೆ.

ತಾಯಿ ಇಲ್ಲದ, ಮನೆಯ ಆಸರೆಯಿಲ್ಲದ ಆ ಹುಡುಗ ಓದು ಬಿಡಲಿಲ್ಲ. ಅಂದರೆ ಒಮ್ಮೆ ಬಿಟ್ಟ, ಆದರೆ ಮತ್ತೆ ಹಿಡಿದ. ಪ್ರಾಥಮಿಕ ಶಾಲೆಯನ್ನು ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಮುಗಿಸಿ ಮೈಸೂರಿಗೆ ಹೋದ. ವಾರಾನ್ನದಲ್ಲಿ ಬೆಳೆದ. ವಾರಾನ್ನವೆಂದರೆ ಈಗಿನ ನಮಗೆ ಗೊತ್ತಿಲ್ಲ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರದ ದಿನಗಳನ್ನು ಮನೆಗಳಿಗೆ ಹಂಚಿ, ಅವರು ಹಾಕಿದ್ದನ್ನು ಉಂಡು ಶಾಲೆಗೆ ಹೋಗುವುದು. ಯಾವುದಾದರೂ ಮನೆಯಲ್ಲಿ ಒಂದು ವಾರ ತಪ್ಪಿದರೆ ಅವತ್ತು ಉಪವಾಸ. ಅದರ ಜೊತೆಗೆ ಕೈಗೆ ಸಿಕ್ಕ ಕೆಲಸ. ಊದುಬತ್ತಿ ಮಾರಿದರು. ಸಿನಿಮಾ ಟೆಂಟಿನ ಬಾಗಿಲು ಕಾದರು. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಎಲ್ಲ ಬಿಟ್ಟು ಬಂಧುವೊಬ್ಬನ ಜೊತೆ ಊರೂರು ಅಲೆದು, ಮುಂಬೈ ಸೇರಿ ರೈಲ್ವೆ ಕೂಲಿಯಾಗಿ ಮೂಟೆ ಹೊತ್ತರು. ಅಲ್ಲಿ ಸಾಧುಗಳ ಗುಂಪೊಂದನ್ನು ಸೇರಿಕೊಂಡು ಕೆಲವು ತಿಂಗಳು ತಿರುಗಿದರು. ಆಮೇಲೆ ವಾಪಸ್ ಮೈಸೂರಿಗೆ ಬಂದು, ಬಿಟ್ಟ ತರಗತಿಗೆ ಮತ್ತೆ ಕೂತರು.

ನಾನು ಒಂದಲ್ಲ ಎರಡು ಸಲ ಓದಿದ ಭಾಗ ಇದು. ಒಂದೆರಡು ವರ್ಷ 'ಗ್ಯಾಪ್' ಬಿದ್ದರೆ ಬದುಕೇ ಮುಗಿಯಿತು ಎನ್ನುವ ಕಾಲದಲ್ಲಿದ್ದೇವೆ ನಾವು. ಸಂದರ್ಶನಕ್ಕೆ ಹೋದರೆ ಮೊದಲು ಕೇಳುವುದೇ "ಈ ಎರಡು ವರ್ಷ ಏನು ಮಾಡುತ್ತಿದ್ದಿರಿ?" ಎಂದು. "ಮೂಟೆ ಹೊರುತ್ತಿದ್ದೆ" ಎಂದು ಬರೆದುಕೊಟ್ಟವರು ಮುಂದೆ ಪದ್ಮಭೂಷಣರಾದರು. ಅವರು ತಮ್ಮ ಕೆಲಸಗಳನ್ನು ಅಡಗಿಸಲಿಲ್ಲ. ಹಾಗೆಂದು ಮೆರೆಸಿಕೊಳ್ಳಲೂ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಬರೆಯುವಂತೆ, ಇಂಥ ದಿನ ಇಂಥದ್ದು ಮಾಡಿದೆ ಎಂದು ಬರೆದರು. ನನಗೆ ನಾಚಿಕೆಯಾಯಿತು. ಆದರೆ ಈ ಸಲದ ನಾಚಿಕೆ ಬನ್ನು ಮಾರಿದ್ದಕ್ಕಲ್ಲ, ಅಡಗಿ ಕೂತಿದ್ದಕ್ಕೆ.

ಮೇಷ್ಟ್ರಿಗೇ ಮೇಷ್ಟ್ರು

ಬಿ.ಎ. ಓದುವ ಮಕ್ಕಳಿಗೆ ಇಂದಿಗೂ ಮನೆಯವರು ಕೇಳುವ ಪ್ರಶ್ನೆಯೊಂದಿದೆ. "ಅದನ್ನೋದಿದ್ರೆ ಯಾವ ಕೆಲಸ ಸಿಗ್ತದೆ?" ಉಣ್ಣಲಿಕ್ಕೇ ಕಷ್ಟವಿದ್ದ ಹುಡುಗ ಆರಿಸಿಕೊಂಡ ವಿಷಯ ಯಾವುದು ನೋಡಿ: ತತ್ವಶಾಸ್ತ್ರ. ಚಿಕ್ಕ ವಯಸ್ಸಿನಲ್ಲಿ ಕಂಡ ಸಾವುಗಳು ಅವರಲ್ಲಿ ಒಂದು ಪ್ರಶ್ನೆ ಬಿತ್ತಿದ್ದವು. ಸಾವು ಎಂದರೇನು? ಆ ಪ್ರಶ್ನೆಯನ್ನು ಹಿಡಿದುಕೊಂಡೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿ ಚಿನ್ನದ ಪದಕ ಪಡೆದರು. 'ಸತ್ಯ ಮತ್ತು ಸೌಂದರ್ಯ' ಅವರ ಪಿಎಚ್‌.ಡಿ. ವಿಷಯ. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಆ ಪದವಿ ಕೊಟ್ಟಿತು.

ಅವರನ್ನು ಕಾದಂಬರಿಕಾರ ಎಂದಷ್ಟೇ ತಿಳಿದಿದ್ದ ನನಗೆ ಇಲ್ಲಿ ಇನ್ನೊಬ್ಬ ಮನುಷ್ಯ ಸಿಕ್ಕಿದ. ಭೈರಪ್ಪ ಮೂರು ದಶಕಕ್ಕೂ ಹೆಚ್ಚು ಕಾಲ ಪಾಠ ಹೇಳಿಕೊಟ್ಟ ಮೇಷ್ಟ್ರು. ಮೊದಲು ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜು, ಅಲ್ಲಿಂದ ಗುಜರಾತಿನ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯ, ಆಮೇಲೆ ದೆಹಲಿಯ ಎನ್‌ಸಿಇಆರ್‌ಟಿ, ಕೊನೆಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು. 1991ರಲ್ಲಿ ಅಲ್ಲಿಂದಲೇ ನಿವೃತ್ತರಾದರು. ಪ್ರಾದೇಶಿಕ ಶಿಕ್ಷಣ ಕಾಲೇಜೆಂದರೆ ಮುಂದೆ ಶಿಕ್ಷಕರಾಗುವವರನ್ನು ತಯಾರು ಮಾಡುವ ಸಂಸ್ಥೆ. ಅಂದರೆ ಅವರು ಮೇಷ್ಟ್ರಿಗೇ ಮೇಷ್ಟ್ರು. ಅವರ ಕೈಕೆಳಗೆ ಕಲಿತು ಹೋದವರು ಎಷ್ಟೋ ಊರುಗಳ ಶಾಲೆಗಳಲ್ಲಿ ಪಾಠ ಮಾಡಿದ್ದಾರೆ. ಆ ಶಾಲೆಗಳಲ್ಲಿ ಕಲಿತ ಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ. ಬಿ.ಇಡಿ. ಮಾಡಿದ ನನಗೆ ಮಾತ್ರ ಇದು ತಟ್ಟನೆ ನಾಟಿತು.

ಇನ್ನೊಂದು ಲೆಕ್ಕವನ್ನೂ ಗಮನಿಸಿ. ನಾವು ಇಂದು ಹೆಸರು ಹೇಳುವ ಅವರ ಕಾದಂಬರಿಗಳಲ್ಲಿ 'ವಂಶವೃಕ್ಷ', 'ತಬ್ಬಲಿಯು ನೀನಾದೆ ಮಗನೆ', 'ಗೃಹಭಂಗ', 'ದಾಟು', 'ಪರ್ವ', 'ಸಾಕ್ಷಿ' ಎಲ್ಲವೂ ಸಂಬಳದ ಕೆಲಸದ ಜೊತೆಜೊತೆಗೇ ಬಂದವು. ಬೆಳಿಗ್ಗೆ ಪಾಠ, ಪರೀಕ್ಷೆ ಬಂದರೆ ಉತ್ತರ ಪತ್ರಿಕೆ, ಉಳಿದ ಹೊತ್ತಿನಲ್ಲಿ ಓದು, ತಿರುಗಾಟ, ಬರವಣಿಗೆ. "ಕೆಲಸ ಸಿಕ್ಕಮೇಲೆ ಓದ್ತೀನಿ, ಟೈಮ್ ಸಿಕ್ಕಮೇಲೆ ಬರೀತೀನಿ" ಎನ್ನುವ ನಮ್ಮಂಥವರಿಗೆ ಈ ಪಟ್ಟಿಯೇ ಉತ್ತರ. ನಿವೃತ್ತಿಯ ನಂತರವೂ ನಿಲ್ಲಿಸಲಿಲ್ಲ. 1993ರಲ್ಲಿ 'ತಂತು', 1998ರಲ್ಲಿ 'ಸಾರ್ಥ', ಅದಾದ ಮೇಲೆ 'ಮಂದ್ರ'. ಕೊನೆಯ ಕಾದಂಬರಿ 'ಉತ್ತರಕಾಂಡ' 2017ರಲ್ಲಿ ಬಂದಾಗ ಅವರಿಗೆ ಎಂಬತ್ತೈದು ದಾಟಿತ್ತು.

ಅವರ ಎಲ್ಲ ವಿಚಾರಗಳನ್ನು ಎಲ್ಲರೂ ಒಪ್ಪುವುದಿಲ್ಲ. 2007ರ 'ಆವರಣ'ದ ಬಗ್ಗೆ ನಡೆದ ವಾದ-ವಿವಾದ ಇನ್ನೂ ಮುಗಿದಿಲ್ಲ. ನನ್ನ ಎಂ.ಎ. ತರಗತಿಯಲ್ಲೇ ಎರಡು ಗುಂಪುಗಳಿದ್ದವು, ಕ್ಯಾಂಟೀನಿನಲ್ಲಿ ಮೇಜು ಕುಟ್ಟಿ ಜಗಳವಾಡುತ್ತಿದ್ದೆವು. ಒಪ್ಪುವವರು ಒಪ್ಪಲಿ, ಬಿಡುವವರು ಬಿಡಲಿ. ನಾನಿಲ್ಲಿ ಹೇಳುತ್ತಿರುವುದು ವಾರಾನ್ನ ಉಂಡು ಓದಿ, ಪಾಠ ಹೇಳಿ ಬದುಕಿ, ಕೊನೆಗೆ ಊರಿನ ಕಡೆ ತಿರುಗಿ ನೋಡಿದ ಮೇಷ್ಟ್ರ ವಿಷಯ.

ಮಾಲೀಕರಿಗೆ ಹೇಳಿದ ನಿಜ

ಪುಸ್ತಕ ಮುಗಿಸಿದ ಮಾರನೇ ದಿನ ಮಾಲೀಕರ ಬಳಿ ಹೋದೆ. "ಅಣ್ಣ, ನಾನು ಬಿ.ಇಡಿ. ಮಾಡಿದ್ದೀನಿ. ಟೀಚರ್ ಕೆಲಸಕ್ಕೆ ಓದ್ತಿದ್ದೀನಿ. ಬೆಳಿಗ್ಗೆ ಎರಡು ಗಂಟೆ ಬಿಡುವು ಕೊಟ್ರೆ ರಾತ್ರಿ ಎರಡು ಗಂಟೆ ಜಾಸ್ತಿ ನಿಲ್ತೀನಿ" ಎಂದೆ. ಅಲ್ಲಿಯವರೆಗೆ ಅವರಿಗೆ ನಾನು ಪಿಯುಸಿ ಫೇಲಾದವನೆಂದೇ ತಿಳಿದಿತ್ತು. ನಾನೇ ಹಾಗೆ ಹೇಳಿಕೊಂಡಿದ್ದೆ.

ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. "ಮೊದ್ಲೇ ಹೇಳೋಕೆ ಏನಾಗಿತ್ತು? ನನ್ ಮಗಳಿಗೆ ಎಸ್ಸೆಸ್ಸೆಲ್ಸಿ. ಕನ್ನಡ ಗ್ರಾಮರ್ರು ತಲೆಗೆ ಹತ್ತಲ್ಲ ಅಂತಾಳೆ" ಎಂದರು. ಮುಂದಿನ ಐದು ತಿಂಗಳು ಬೆಳಿಗ್ಗೆ ನನ್ನ ಓದು, ಮಧ್ಯಾಹ್ನದಿಂದ ಕೌಂಟರು, ಭಾನುವಾರ ಆ ಮಗುವಿಗೆ ಸಂಧಿ-ಸಮಾಸ. ನನ್ನ ಮೊದಲ ವಿದ್ಯಾರ್ಥಿನಿ ಅವಳೇ. ಸಂಬಳ? ಭಾನುವಾರದ ಕೋಳಿ ಸಾರು, ಮುದ್ದೆ.

ಇನ್ನೊಂದು ಕೆಲಸ ಬಾಕಿಯಿತ್ತು. ಆ ಸಹಪಾಠಿಗೆ ಫೋನ್ ಮಾಡಿದೆ. "ಜೂನಲ್ಲಿ ಒಂದಿನ ನೀನು ಒಂದು ಬೇಕರೀಲಿ ಬನ್ನು, ಟೀ ತಗೊಂಡೆ. ಜ್ಞಾಪಕ ಇದೆಯಾ? ನಾನು ಅಲ್ಲೇ ಇದ್ದೆ ಕಣೋ. ಕೌಂಟರ್ ಕೆಳಗೆ" ಎಂದೆ.

ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ ಅವನು ನಗಲು ಶುರುಮಾಡಿದ. "ಗೊತ್ತು ಕಣೋ. ದೂರದಿಂದ್ಲೇ ನೋಡಿದ್ದೆ. ನಾನು ಡೆಲಿವರಿ ಟೀ ಶರ್ಟ್ ಕಾಣ್ಬಾರ್ದು ಅಂತ ಜರ್ಕಿನ್ ಜಿಪ್ಪು ಕತ್ತಿನ ತನಕ ಎಳ್ಕೊಂಡು ಬಂದೆ. ನಿನ್ನ ಮಾತಾಡಿಸೋಣ ಅಂತ ಬಂದ್ರೆ ನೀನೇ ಮಾಯ!"

ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ನನಗೆ ಗಂಟಲು ಕಟ್ಟಿತು. ಒಂದೇ ಬೆಂಚಿನಲ್ಲಿ ಕೂತ ಇಬ್ಬರು, ಒಂದೇ ಊರಿನಲ್ಲಿ, ಒಬ್ಬರಿಗೊಬ್ಬರು ಬೇಕಾಗಿದ್ದ ಹೊತ್ತಿನಲ್ಲಿ ಒಬ್ಬರಿಂದೊಬ್ಬರು ಅಡಗಿಕೊಂಡಿದ್ದೆವು. ಅವತ್ತೇ ಮಾತಾಡಿದ್ದರೆ ನಾಲ್ಕು ತಿಂಗಳು ಮೊದಲೇ ಜೊತೆಯಾಗಿ ಓದಬಹುದಿತ್ತು. ಈಗ ಓದುತ್ತಿದ್ದೇವೆ. ರಾತ್ರಿ ಹತ್ತೂವರೆಗೆ ಫೋನಿನಲ್ಲಿ ಮನೋವಿಜ್ಞಾನದ ಪ್ರಶ್ನೆಗಳನ್ನು ಅವನು ಕೇಳುತ್ತಾನೆ, ಕನ್ನಡದ್ದು ನಾನು.

ಕೆರೆಯ ಏರಿಯ ಮೇಲೆ

2025ರ ಜೂನ್‌ನಲ್ಲಿ ನಮ್ಮ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕನಾಗಿ ಸೇರಿದೆ. ಕಾಯಂ ಅಲ್ಲ, ಗೌರವಧನವೂ ಹೆಚ್ಚಿಲ್ಲ. ಆದರೆ ಕೈಯಲ್ಲಿ ಸೀಮೆಸುಣ್ಣ ಇದೆ. ಸೆಪ್ಟೆಂಬರಿನ ದಸರಾ ರಜೆಗೆ ಮತ್ತೆ ಬೆಂಗಳೂರಿನ ಅದೇ ಬೇಕರಿಗೆ ಹೋದೆ. ಹಬ್ಬದ ವ್ಯಾಪಾರಕ್ಕೆ ಅವರಿಗೆ ಜನ ಬೇಕಿತ್ತು, ನನಗೆ ಹಣ ಬೇಕಿತ್ತು. ಈ ಸಲ ಅವ್ವ ಪಕ್ಕದ ಮನೆಯವರಿಗೆ "ಬೇಕರಿ ಕೆಲ್ಸಕ್ಕೆ ಹೋಗವ್ನೆ, ರಜಾ ಮುಗುದ್ಮೇಲೆ ಇಸ್ಕೂಲು" ಎಂದೇ ಹೇಳಿದಳು.

ಸೆಪ್ಟೆಂಬರ್ 24, ಬುಧವಾರ. ಮಧ್ಯಾಹ್ನ ಕೇಕಿನ ಡಬ್ಬಗಳಿಗೆ ದಾರ ಕಟ್ಟುತ್ತಿದ್ದೆ. ಗೆಳೆಯನ ಸಂದೇಶ ಬಂತು: "ಭೈರಪ್ಪ ಹೋದರು." ಬೆಂಗಳೂರಿನಲ್ಲೇ ತೀರಿಕೊಂಡಿದ್ದರು. ತೊಂಬತ್ತನಾಲ್ಕು ವರ್ಷ, ತುಂಬು ಜೀವನ. ಆದರೂ ದಾರದ ಗಂಟು ಕೈಯಲ್ಲಿ ಸರಿಯಾಗಿ ಕೂರಲಿಲ್ಲ. ನಾನು ಅವರನ್ನು ಒಮ್ಮೆಯೂ ಹತ್ತಿರದಿಂದ ನೋಡಿದವನಲ್ಲ. ಎರಡು ದಿನದ ನಂತರ ಮೈಸೂರಿನಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಸಂಜೆ ಮಾಲೀಕರು ಟಿವಿಯಲ್ಲಿ ಅದನ್ನು ನೋಡುತ್ತಾ, "ನಮ್ ಕಡೆಯೋರು ಕಣಪ್ಪ" ಎಂದು ಗಿರಾಕಿಯೊಬ್ಬರಿಗೆ ಹೇಳುತ್ತಿದ್ದರು.

ರಜೆ ಮುಗಿದು ಊರಿಗೆ ಬಂದವನು ಒಂದು ಭಾನುವಾರ ಬೈಕು ತೆಗೆದುಕೊಂಡು ಸಂತೇಶಿವರಕ್ಕೆ ಹೋದೆ. ದಾರಿಯುದ್ದಕ್ಕೂ ತೆಂಗಿನ ತೋಟ, ನಡುನಡುವೆ ರಾಗಿ ಹೊಲ. 'ಗೃಹಭಂಗ' ಓದಿದವರಿಗೆ ಈ ನೆಲ ಗುರುತು ಸಿಗುತ್ತದೆ. ಗಂಡನ ಶಾನುಭೋಗಿಕೆಯ ಲೆಕ್ಕ ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ, ಮಕ್ಕಳನ್ನು ಸಾಕಲು ಒದ್ದಾಡುವ ನಂಜಮ್ಮನಲ್ಲಿ ತಾಯಿ ಗೌರಮ್ಮನವರ ನೆರಳಿದೆ. ಆ ಕಾದಂಬರಿಯ ಜನ ಆಡುವ ಮಾತು ನಮ್ಮ ಮನೆಯ ಮಾತು, ಬೈಗುಳವೂ ನಮ್ಮದೇ.

ತಾಯಿಯ ಹೆಸರು ಪುಸ್ತಕದಲ್ಲಿ ಮಾತ್ರ ಉಳಿಯಲಿಲ್ಲ. ಭೈರಪ್ಪನವರು ಗೌರಮ್ಮನವರ ಹೆಸರಿನಲ್ಲಿ ಊರಿಗಾಗಿ ಒಂದು ಟ್ರಸ್ಟ್ ಮಾಡಿದರು. ಇಳಿವಯಸ್ಸಿನಲ್ಲಿ ಅವರು ಹಿಡಿದ ಇನ್ನೊಂದು ಹಟ ಕೆರೆಯದು. ಹುಟ್ಟೂರಿನ ಕೆರೆಗೆ ನೀರು ತುಂಬಿಸಬೇಕು ಎಂದು ಸರ್ಕಾರದ ಬೆನ್ನುಬಿದ್ದರು. ಪ್ರಶಸ್ತಿ, ಸನ್ಮಾನ, ಸೈಟು ಕೇಳಬಹುದಾಗಿದ್ದ ಎತ್ತರದಲ್ಲಿ ನಿಂತು ಅವರು ಕೇಳಿದ್ದು ನೀರು. ಯೋಜನೆ ಮಂಜೂರಾಯಿತು, ನೀರು ಬಂತು. 2025ರ ಮಾರ್ಚ್‌ನಲ್ಲಿ ಊರವರು ಹಬ್ಬ ಮಾಡಿ ಅವರನ್ನು ಕರೆಸಿ ಗೌರವಿಸಿದರು. ತೊಂಬತ್ಮೂರರ ವಯಸ್ಸಿನಲ್ಲಿ ಅವರು ಬಂದು ಹೋಗಿದ್ದರು. ಅದಾಗಿ ಆರು ತಿಂಗಳಿಗೆ ತೀರಿಕೊಂಡರು.

ನಮ್ಮ ಕಡೆ ಕೆರೆಯೆಂದರೆ ಬರೀ ಕೆರೆಯಲ್ಲ. ಕೆರೆಯಲ್ಲಿ ನೀರು ನಿಂತರೆ ಸುತ್ತಲಿನ ಅಂತರ್ಜಲ ಮೇಲೆ ಬರುತ್ತದೆ, ಬೋರ್‌ವೆಲ್ ಬದುಕುತ್ತದೆ, ತೆಂಗು ಗರಿ ಉದುರಿಸದೆ ನಿಲ್ಲುತ್ತದೆ. ತೆಂಗು ನಿಂತರೆ ಮನೆಯ ಹುಡುಗ ಓದು ಬಿಟ್ಟು ಬೆಂಗಳೂರು ಬಸ್ಸು ಹತ್ತಬೇಕಾಗಿಲ್ಲ. ಏರಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರು ಸಿಕ್ಕರು.

"ಯಾವೂರಪ್ಪ?"

ಹೇಳಿದೆ. ಮೇಷ್ಟ್ರ ಕೆಲಸ ಎಂದೂ ಹೇಳಿದೆ.

"ಓಹೋ, ನೀವೂ ಮೇಷ್ಟ್ರಾ" ಎಂದು, ಅಲ್ಲಿಯವರೆಗೆ ಏಕವಚನದಲ್ಲಿದ್ದವರು ಬಹುವಚನಕ್ಕೆ ಬಂದರು. "ನೋಡ್ಕಳಿ ಮತ್ತೆ. ನೀರು ನೋಡೋಕೇ ಬತ್ತಾರೆ ಜನ."

ನಾನು ನೋಡಿದೆ. ಗಾಳಿಗೆ ಸಣ್ಣ ಅಲೆ ಏಳುತ್ತಿತ್ತು. ವಾರಾನ್ನದ ಹುಡುಗನೊಬ್ಬ ಎಷ್ಟೋ ಮನೆಗಳಲ್ಲಿ ಉಂಡಿದ್ದ. ಆ ಮನೆಗಳ ಋಣ ಒಂದೊಂದಾಗಿ ತೀರಿಸುವುದು ಯಾರಿಂದಲೂ ಆಗುವುದಿಲ್ಲ. ಹಾಕಿದ ಎಷ್ಟೋ ಕೈಗಳು ಮಣ್ಣಾಗಿರುತ್ತವೆ. ಹುಟ್ಟಿದ ಊರಿಗೆ ನೀರು ತಂದುಕೊಡುವುದು ಅದಕ್ಕೆ ಒಂದು ದಾರಿ. ಅವರು ಹಾಗೆ ಯೋಚಿಸಿದರೋ ಇಲ್ಲವೋ, ಏರಿಯ ಮೇಲೆ ನಿಂತ ನನಗೆ ಹಾಗನ್ನಿಸಿತು.

ಕೊನೆಯ ಬೆಂಚಿನ ಹುಡುಗ

ನಮ್ಮ ಶಾಲೆಯ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಸೋಮವಾರದ ಮೊದಲ ಪೀರಿಯಡ್ಡಿನಲ್ಲಿ ತಪ್ಪದೆ ತೂಕಡಿಸುತ್ತಾನೆ. ಮೊದಮೊದಲು ನಾನೂ ಗದರಿ ನಿಲ್ಲಿಸುತ್ತಿದ್ದೆ. ಸಂತೇಶಿವರಕ್ಕೆ ಹೋಗಿ ಬಂದ ಮಾರನೇ ದಿನ ಗದರಲಿಲ್ಲ. ತರಗತಿ ಬಿಟ್ಟ ಮೇಲೆ ಹೊರಗೆ ಕರೆದು ಕೇಳಿದೆ: "ಶನಿವಾರ, ಭಾನುವಾರ ಏನ್ ಮಾಡ್ತೀಯಪ್ಪ?"

"ಏನಿಲ್ಲ ಸಾರ್. ಮನೇಲೇ ಇರ್ತೀನಿ."

ಸುಳ್ಳು ಎಂದು ಗೊತ್ತಾಯಿತು. ಅಷ್ಟು ವೇಗವಾಗಿ ಹೇಳುವ ಉತ್ತರ ನನಗೆ ಚೆನ್ನಾಗಿ ಪರಿಚಯ. "ನಾನು ದಸರಾ ರಜೇಲಿ ಬೇಕರೀಲಿ ಕೇಕ್ ಕಟ್ಟಿದೆ ಗೊತ್ತಾ?" ಎಂದೆ. ಅವನು ನಂಬದೆ ನನ್ನ ಕೈ ನೋಡಿದ. ಬಲಗೈಯಲ್ಲಿ ಬಿಸಿ ಟ್ರೇ ತಾಕಿ ಆದ ಕಲೆ ಇನ್ನೂ ಇದೆ. ಅದನ್ನು ತೋರಿಸಿದೆ.

ಸ್ವಲ್ಪ ಹೊತ್ತಿನ ಮೇಲೆ ಹೇಳಿದ. ಕಲ್ಯಾಣ ಮಂಟಪದಲ್ಲಿ ಬಡಿಸಲು ಹೋಗುತ್ತಾನಂತೆ. ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಪಾತ್ರೆ, ಟೇಬಲ್ಲು ಎಲ್ಲ ಮುಗಿಸಿ ಮನೆ ಸೇರುವಾಗ ಹೊತ್ತಾಗಿರುತ್ತದಂತೆ. "ಕ್ಲಾಸಲ್ಲಿ ಹೇಳ್ಬೇಡಿ ಸಾರ್" ಎಂದ.

"ನಾನು ಹೇಳಲ್ಲ. ಹೇಳೋದಿದ್ರೆ ನೀನೇ ಹೇಳು. ಆದ್ರೆ ಇದ್ರಲ್ಲಿ ಅಡಗಿಸೋ ಅಂಥದ್ದು ಏನೂ ಇಲ್ಲ ಕಣಪ್ಪ" ಎಂದೆ. ಇಷ್ಟು ಚಿಕ್ಕ ವಯಸ್ಸಿಗೆ ಕೆಲಸಕ್ಕೆ ಹೋಗಬೇಕಾದ ಸ್ಥಿತಿ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಅವನ ಮನೆಗೆ ಹೋಗಿ ತಾಯಿಯ ಜೊತೆ ಮಾತಾಡಿದ್ದೇನೆ. ಹಾಸ್ಟೆಲ್ ಸೀಟಿಗೆ, ವಿದ್ಯಾರ್ಥಿ ವೇತನಕ್ಕೆ ಅರ್ಜಿ ಹಾಕಿಸಿದ್ದೇವೆ. ಮುಖ್ಯ ಶಿಕ್ಷಕರೂ ಜೊತೆಗಿದ್ದಾರೆ. ಆದರೆ ಅರ್ಜಿ ಹಣವಾಗುವವರೆಗೆ ಆ ಹುಡುಗ ತಲೆ ತಗ್ಗಿಸಿಕೊಂಡು ಓಡಾಡಬಾರದು. ಅದಷ್ಟು ನನ್ನ ಕೈಯಲ್ಲಿದೆ.

ಗೆಳೆಯರೇ, ನಮ್ಮಲ್ಲಿ ಎಷ್ಟು ಜನ ಈಗ ಯಾವುದೋ ಕೌಂಟರಿನ ಕೆಳಗೆ ಕೂತಿದ್ದೇವೋ. ಡಿಗ್ರಿ ಮುಗಿಸಿ ಪೆಟ್ರೋಲ್ ಬಂಕಿನಲ್ಲಿ, ಮಾಲಿನಲ್ಲಿ, ಬೈಕಿನ ಮೇಲೆ, ಬಟ್ಟೆ ಅಂಗಡಿಯಲ್ಲಿ ದುಡಿಯುತ್ತಾ, ಮನೆಗೆ "ಕೋಚಿಂಗ್‌ಗೆ ಹೋಗ್ತಿದ್ದೀನಿ" ಎಂದು ಹೇಳುವವರು. ಕೆಲಸ ಸಿಗದಿರುವುದು ನಮ್ಮೊಬ್ಬರ ತಪ್ಪಲ್ಲ, ಅದರ ಬಗ್ಗೆ ಕೇಳಬೇಕಾದವರನ್ನು ಕೇಳಲೇಬೇಕು. ಆದರೆ ಹೊಟ್ಟೆಗಾಗಿ ಮಾಡುವ ಕೆಲಸಕ್ಕೆ ನಾಚಿದರೆ ಕೆಲಸದ ಜೊತೆಗೆ ಗೆಳೆಯರೂ ದೂರವಾಗುತ್ತಾರೆ, ಓದುವ ಹೊತ್ತೂ ಕೈಬಿಡುತ್ತದೆ. ನನಗೆ ನಾಲ್ಕು ತಿಂಗಳು ಹಾಗೆಯೇ ಹೋಯಿತು.

'ಭಿತ್ತಿ'ಯನ್ನು ಮೇಷ್ಟ್ರಿಗೆ ಹಿಂದಿರುಗಿಸಲು ಹೋದಾಗ ಒಂದು ಹಾಳೆಯ ಮೇಲೆ ಬೆಣ್ಣೆಯ ಕಲೆ ಬಿದ್ದಿತ್ತು. ಹೆದರುತ್ತಲೇ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಮಡಚಿಲ್ಲವಲ್ಲ, ಸಾಕು" ಎಂದರು. ಆಮೇಲೆ ಪುಸ್ತಕವನ್ನು ನನಗೇ ವಾಪಸ್ ಕೊಟ್ಟು, "ನಿನ್ನ ಹುಡುಗ್ರಲ್ಲಿ ಯಾರಾದ್ರೂ ಬೇಕಾದೋರಿದ್ರೆ ಕೊಡು" ಎಂದರು.

ಈಗ ಅದು ಕೊನೆಯ ಬೆಂಚಿನ ಆ ಹುಡುಗನ ಬ್ಯಾಗಿನಲ್ಲಿದೆ. ದಪ್ಪ ಪುಸ್ತಕ, ಓದಿ ಮುಗಿಸಲು ಅವನಿಗೆ ವರ್ಷವೇ ಬೇಕಾಗಬಹುದು. ಅವಸರವಿಲ್ಲ. ಹಾಳೆ ಮಡಚಬೇಡ ಎಂದಷ್ಟೇ ಹೇಳಿದ್ದೇನೆ.